ಬಿಆರ್‌ಸಿಎ1 ಇಲ್ಲದ ಕೋಶದಲ್ಲೂ ಫೋರ್ಕ್ ಸವೆಯುತ್ತಿಲ್ಲ: ಫೈಬರ್ ಪರೀಕ್ಷೆಯಲ್ಲಿ ಎಡವುತ್ತಿರುವುದು ಎಲ್ಲಿ?

ಎಸ್_ಹಂತ
ಡಿಎನ್‌ಎ ನಕಲಾಗುತ್ತಿರುವ ಕವಲು, ಅಂದರೆ ಫೋರ್ಕ್, ಔಷಧಿಯಿಂದ ನಿಂತಾಗ ಅದರ ಹೊಸ ಎಳೆ ಸವೆಯುತ್ತದೆಯೇ ಎಂದು ಅಳೆಯುವ ಈ ಫೈಬರ್ ಪ್ರಯೋಗ ನನ್ನನ್ನು ಹಣ್ಣು ಮಾಡಿದೆ. ಮೊದಲು 25 ಮೈಕ್ರೊಮೋಲಾರ್ ಸಿಎಲ್‌ಡಿಯು (ಹೊಸ ಡಿಎನ್‌ಎಗೆ ಸೇರಿಕೊಳ್ಳುವ ಲೇಬಲ್, ಸ್ಲೈಡಿನಲ್ಲಿ ಕೆಂಪು) 20 ನಿಮಿಷ, ತೊಳೆದು 250 ಮೈಕ್ರೊಮೋಲಾರ್ ಐಡಿಯು (ಎರಡನೆಯ ಲೇಬಲ್, ಹಸಿರು) 20 ನಿಮಿಷ, ಮತ್ತೆ ತೊಳೆದು 4 ಮಿಲಿಮೋಲಾರ್ ಹೈಡ್ರಾಕ್ಸಿಯೂರಿಯಾ (ನಕಲನ್ನು ನಿಲ್ಲಿಸುವ ಔಷಧಿ) 5 ಗಂಟೆ. ಆಮೇಲೆ ಸ್ಲೈಡಿನ ಮೇಲೆ ಎಳೆ ಬಿಡಿಸಿ, ಆಂಟಿಬಾಡಿ ಹಾಕಿ, ಹಸಿರಿನ ಉದ್ದವನ್ನು ಕೆಂಪಿನ ಉದ್ದದಿಂದ ಭಾಗಿಸುತ್ತೇನೆ. ನಿಂತ ಫೋರ್ಕನ್ನು ಕಾಯುವ ಬಿಆರ್‌ಸಿಎ1 ಪ್ರೋಟೀನು ಇಲ್ಲದ ಕೋಶದಲ್ಲಿ ಈ ಅನುಪಾತ ಇಳಿಯಲೇಬೇಕು. ಬಿಆರ್‌ಸಿಎ2 ಇಲ್ಲದಿದ್ದರೆ ನಿಂತ ಫೋರ್ಕನ್ನು ಎಂಆರ್‌ಇ11 ಎಂಬ ಡಿಎನ್‌ಎ ಕತ್ತರಿಸುವ ಕಿಣ್ವ ತಿಂದುಹಾಕುತ್ತದೆ ಎಂದು 2011ರಲ್ಲಿ ತೋರಿಸಿದರು, ಮರುವರ್ಷ ಬಿಆರ್‌ಸಿಎ1 ಕೂಡ ಅದೇ ಸಾಲಿಗೆ ಸೇರಿತು. ನನ್ನ ಸ್ಲೈಡಿನಲ್ಲಿ ಮಾತ್ರ ಅನುಪಾತ 1ರ ಬಳಿ ಗೂಟ ಹೊಡೆದುಕೊಂಡು ಕುಳಿತಿದೆ. ಬಿಆರ್‌ಸಿಎ1 ಮರಳಿ ಸೇರಿಸಿದ ಜೋಡಿ ಕೋಶಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎಳೆಗಳು ನೋಡಲು ಚೆನ್ನಾಗಿವೆ, ಬಣ್ಣ ಸ್ಪಷ್ಟವಾಗಿದೆ. ಎಲ್ಲರಿಗೂ ಬರುವ ಫಲಿತಾಂಶ ನನಗೇಕೆ ಬರುತ್ತಿಲ್ಲ?

ಗಾಜುಪಟ್ಟಿ
ಆಂಟಿಬಾಡಿ. ಹತ್ತರಲ್ಲಿ ಒಂಬತ್ತು ಸಲ ಅದೇ. ಇಲಿಯಲ್ಲಿ ತಯಾರಾದ ಆಂಟಿಬಾಡಿ ಬಿಯು1/75 ಸಿಎಲ್‌ಡಿಯುವನ್ನು ಹಿಡಿಯುತ್ತದೆ, ಚಿಟ್ಟಿಲಿಯ ಬಿ44 ಐಡಿಯುವನ್ನು ಹಿಡಿಯುತ್ತದೆ. ಆದರೆ ಬಿ44 ಅಷ್ಟು ನಿಷ್ಠಾವಂತ ಅಲ್ಲ, ಸಿಎಲ್‌ಡಿಯುಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಹೆಚ್ಚು ಉಪ್ಪಿನ ದ್ರಾವಣದಲ್ಲಿ ತೊಳೆಯದಿದ್ದರೆ ಕೆಂಪು ಎಳೆಯ ತುದಿಯಲ್ಲೂ ಹಸಿರು ಕಾಣಿಸಿ, ಹಸಿರು ಇರುವುದಕ್ಕಿಂತ ಉದ್ದವಾಗಿ ತೋರುತ್ತದೆ. ಒಂದೊಂದೇ ಲೇಬಲ್ ಇರುವ ಸ್ಲೈಡ್‌ಗಳನ್ನು ಮಾಡಿ ಎರಡೂ ಆಂಟಿಬಾಡಿ ಹಾಕಿ ನೋಡಿ. ಇವುಗಳ ಮೇಲೆ ಬಣ್ಣಕ್ಕಾಗಿ ಹಾಕುವ ಎರಡನೆಯ ಹಂತದ ಆಂಟಿಬಾಡಿ ಇಲಿಗೂ ಚಿಟ್ಟಿಲಿಗೂ ಅಡ್ಡ ಅಂಟದಂತೆ ಶುದ್ಧೀಕರಿಸಿದ್ದೇ?

ನೂಲೆಳೆ
ಎಳೆ ಬಿಡಿಸುವ ಹಂತದ ಬಗ್ಗೆ ನೀವು ಏನೂ ಬರೆದಿಲ್ಲ. ಕೋಶದ 2 ಮೈಕ್ರೊಲೀಟರ್ ಹನಿಗೆ ಲೈಸಿಸ್ ದ್ರಾವಣ ಬೆರೆಸಿ ಎಷ್ಟು ಹೊತ್ತು ಬಿಡುತ್ತೀರಿ? ಸ್ಲೈಡನ್ನು ಸುಮಾರು 15 ಡಿಗ್ರಿ ಓರೆ ಮಾಡಿದಾಗ ಹನಿ ನಿಧಾನವಾಗಿ, ಒಂದೇ ವೇಗದಲ್ಲಿ ಕೆಳಗಿನ ಅಂಚಿನವರೆಗೆ ಇಳಿಯಬೇಕು. ಅಂಚಿನಲ್ಲಿ ನೆರಿಗೆಯಂತೆ ಗುಂಪುಗಟ್ಟಿದ ಎಳೆಗಳನ್ನೂ, ಮೇಲ್ಭಾಗದಲ್ಲಿ ಅತಿಯಾಗಿ ಹಿಗ್ಗಿ ಮಣಿಮಣಿಯಾಗಿ ಒಡೆದ ಎಳೆಗಳನ್ನೂ ಒಟ್ಟಿಗೆ ಎಣಿಸಿದರೆ ಯಾವ ವ್ಯತ್ಯಾಸವೂ ಮುಚ್ಚಿಹೋಗುತ್ತದೆ. ನಡುಭಾಗದ ಎಳೆಗಳನ್ನು ಮಾತ್ರ ಅಳೆಯಿರಿ. ಕೆಂಪು ಮತ್ತು ಹಸಿರು ಎರಡೂ ಒಂದೇ ಎಳೆಯಲ್ಲಿ ಮುರಿಯದೆ ಕೂಡಿಕೊಂಡಿರಬೇಕು. ಯಾವ ಸ್ಲೈಡ್ ಯಾವುದು ಎಂದು ಅಳೆಯುವವರಿಗೆ ತಿಳಿಯದಂತೆ ಸಂಕೇತ ಸಂಖ್ಯೆ ಹಾಕಿ.

ಎಸ್_ಹಂತ
ಒಂದೇ ಲೇಬಲ್ ಇರುವ ಸ್ಲೈಡ್‌ಗಳು ಶುದ್ಧವಾಗಿವೆ. ಅಡ್ಡ ಅಂಟುವಿಕೆ ಇಲ್ಲ. ಸಂಕೇತ ಹಾಕಿಯೇ ಅಳೆದಿದ್ದೇವೆ.

ಗಾಜುಪಟ್ಟಿ
ಶುದ್ಧವಾಗಿವೆ ಎಂದರೆ ಸಾಲದು. ಎಕ್ಸ್‌ಪೋಷರ್ ಎಷ್ಟಿಟ್ಟಿದ್ದೀರಿ? ಕಡಿಮೆ ಇಟ್ಟರೆ ಎಲ್ಲವೂ ಶುದ್ಧವೇ. ಹಸಿರಿನ ಎಕ್ಸ್‌ಪೋಷರ್ ಏರಿಸಿ, ಸಿಎಲ್‌ಡಿಯು ಮಾತ್ರ ಇರುವ ಸ್ಲೈಡನ್ನು ಮತ್ತೆ ನೋಡಿ. ಆಮ್ಲದ ಹಂತವನ್ನೂ ಹೇಳಿ. 2.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸಾಕಷ್ಟು ಹೊತ್ತು ಇಡದಿದ್ದರೆ ಎಳೆಗಳು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಆಂಟಿಬಾಡಿ ಒಳಗೆ ತಲುಪುವುದಿಲ್ಲ.

ಕೋಶಪಾಲಕಿ
ಒಂದು ನಿಮಿಷ. ಆಂಟಿಬಾಡಿಗೂ ಮೊದಲು ಕೇಳಬೇಕಾದದ್ದು: ಹೈಡ್ರಾಕ್ಸಿಯೂರಿಯಾ ಕೆಲಸ ಮಾಡಿದೆಯೇ? ಎರಡೂ ಲೇಬಲ್ ಮುಗಿದ ಮೇಲೆ ಔಷಧಿ ಹಾಕುತ್ತಿದ್ದೀರಿ. ಔಷಧಿ ಸತ್ತುಹೋಗಿದ್ದರೆ ಫೋರ್ಕ್‌ಗಳು ಲೇಬಲ್ ಇಲ್ಲದ ಡಿಎನ್‌ಎ ಹೆಣೆಯುತ್ತಾ ಮುಂದೆ ಸಾಗುತ್ತವೆ, ನಿಮ್ಮ ಹಸಿರು ಎಳೆ ಇದ್ದ ಹಾಗೆಯೇ ಉಳಿಯುತ್ತದೆ. ಅಂದರೆ ಔಷಧಿ ವಿಫಲವಾದದ್ದೂ, ಫೋರ್ಕ್ ರಕ್ಷಣೆ ಸಫಲವಾದದ್ದೂ ಸ್ಲೈಡಿನಲ್ಲಿ ಒಂದೇ ರೀತಿ ಕಾಣುತ್ತವೆ. ಪಕ್ಕದ ಒಂದು ಬಟ್ಟಲಿನಲ್ಲಿ ಐಡಿಯು ಮತ್ತು ಹೈಡ್ರಾಕ್ಸಿಯೂರಿಯಾವನ್ನು ಒಟ್ಟಿಗೆ ಹಾಕಿ. ಹಸಿರು ಗಿಡ್ಡವಾದರೆ ಔಷಧಿ ಜೀವಂತವಾಗಿದೆ.

ನೂಲೆಳೆ
ಇದು ಸರಿಯಾದ ಮಾತು. ಹೈಡ್ರಾಕ್ಸಿಯೂರಿಯಾ ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಬೇಕು. ಐಡಿಯು ಕೂಡ ಸುಲಭವಾಗಿ ಕರಗುವುದಿಲ್ಲ, ತಳದಲ್ಲಿ ಹರಳು ಉಳಿದಿದ್ದರೆ 250 ಎನ್ನುವುದು ಕಾಗದದ ಮೇಲಿನ ಲೆಕ್ಕ ಮಾತ್ರ.

ಎಸ್_ಹಂತ
ಔಷಧಿ ಹೊಸದು. ನಕಲು ನಿಂತದ್ದರ ಗುರುತಾದ ಸಿಎಚ್‌ಕೆ1 ಫಾಸ್ಫೋರಿಲೀಕರಣವನ್ನು ವೆಸ್ಟರ್ನ್‌ನಲ್ಲಿ (ಪ್ರೋಟೀನ್ ಗುರುತಿಸುವ ಬ್ಲಾಟ್) ನೋಡಿದ್ದೇವೆ, ಗಟ್ಟಿಯಾಗಿ ಬರುತ್ತದೆ. ಐಡಿಯು ಜೊತೆಗೆ ಹಾಕಿದಾಗ ಎಳೆ ಚುಕ್ಕೆಯಷ್ಟಾಗುತ್ತದೆ. ಎಂಆರ್‌ಇ11 ತಡೆಯುವ ಮಿರಿನ್ ಹಾಕಿದರೂ ಹಾಕದಿದ್ದರೂ ಒಂದೇ. ದಯವಿಟ್ಟು ಇಷ್ಟನ್ನು ಪಕ್ಕಕ್ಕಿಟ್ಟು ಮುಂದೆ ಯೋಚಿಸಿ.

ಬಾಚಣಿಗೆ
ಸ್ಲೈಡ್ ಓರೆ ಮಾಡಿ ಎಳೆಯುವ ಕಾಲ ಮುಗಿಯಿತು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ನಾವು ಕೋಶಗಳನ್ನು ಅಗರೋಸ್ ಬಿಲ್ಲೆಯಲ್ಲಿ ಹಿಡಿದಿಟ್ಟು, ಪ್ರೋಟೀನನ್ನು ಜೀರ್ಣಿಸಿ, ಡಿಎನ್‌ಎಯನ್ನು ಪಿಎಚ್ 5.5ರ ದ್ರಾವಣದಲ್ಲಿ ಬಿಡಿಸಿ, ಸೈಲೇನ್ ಲೇಪಿಸಿದ ಗಾಜನ್ನು ಸೆಕೆಂಡಿಗೆ 300 ಮೈಕ್ರೊಮೀಟರ್ ವೇಗದಲ್ಲಿ ಮೇಲೆತ್ತುತ್ತೇವೆ. ಪ್ರತಿ ಎಳೆಯೂ ಸಮನಾಗಿ ಹಿಗ್ಗುತ್ತದೆ, ಮೈಕ್ರೊಮೀಟರಿಗೆ 2 ಕಿಲೋಬೇಸ್. ಎಳೆಗಳೆಲ್ಲ ಒಂದೇ ದಿಕ್ಕಿನಲ್ಲಿ ಸಾಲಾಗಿ ಮಲಗಿರುತ್ತವೆ. 63ರ ಎಣ್ಣೆ ಲೆನ್ಸ್, ತಾನೇ ಚಲಿಸುವ ಸ್ಟೇಜ್, ಇಡೀ ಗಾಜನ್ನು ರಾತ್ರಿಯಿಡೀ ಸ್ಕ್ಯಾನ್ ಮಾಡಿಸುತ್ತೇವೆ. ಬೆಳಿಗ್ಗೆ ಬಂದರೆ ಮೆಗಾಬೇಸ್ ಉದ್ದದ ಎಳೆಗಳೂ ಸಿಗುತ್ತವೆ.

ನೂಲೆಳೆ
ಬಾಚಣಿಗೆ ಅವರೇ, ನಿಮ್ಮ ಏರ್ಪಾಡು ಚೆನ್ನಾಗಿದೆ. ಆದರೆ ಇಲ್ಲಿ ಬೇಕಿರುವುದು ಒಂದೇ ಎಳೆಯೊಳಗಿನ ಹಸಿರು–ಕೆಂಪು ಅನುಪಾತ. ಎಳೆ ಎಷ್ಟು ಹಿಗ್ಗಿದ್ದರೂ ಎರಡೂ ಬಣ್ಣ ಹೆಚ್ಚುಕಡಿಮೆ ಸಮನಾಗಿ ಹಿಗ್ಗಿರುತ್ತವೆ. ಓರೆ ಸ್ಲೈಡಿಗೆ ಬಳಸುವ ಮೈಕ್ರೊಮೀಟರಿಗೆ 2.59 ಕಿಲೋಬೇಸ್ ಲೆಕ್ಕವೇ ಇಲ್ಲಿ ಬೇಡ, ಇನ್ನು ನಿಮ್ಮ 2 ಏಕೆ? ಫೋರ್ಕ್ ವೇಗ ಹೇಳಬೇಕಾದಾಗ, ಎರಡು ಆರಂಭ ಬಿಂದುಗಳ ನಡುವಿನ ದೂರ ಬೇಕಾದಾಗ ಬಾಚುವ ವಿಧಾನಕ್ಕೆ ಬೆಲೆ.

ಬಾಚಣಿಗೆ
ಸಮನಾಗಿ ಹಿಗ್ಗುತ್ತವೆ ಎಂದು ಯಾರು ಹೇಳಿದರು? ಒಂದೇ ಎಳೆಯ ಎರಡು ತುದಿ ಬೇರೆ ಬೇರೆ ಹಿಗ್ಗಿರುವುದನ್ನು ನಾನೇ ನೋಡಿದ್ದೇನೆ. ಎರಡೂ ವಿಧಾನ ಬೇಡವೆಂದರೆ ನ್ಯಾನೊಪೋರ್ ಸೀಕ್ವೆನ್ಸಿಂಗ್‌ಗೆ ಹೋಗಿ. ಬಿಆರ್‌ಡಿಯು ಎಂಬ ಲೇಬಲ್ ಸೇರಿದ ಜಾಗವನ್ನು ವಿದ್ಯುತ್ ಸಂಕೇತದಿಂದಲೇ ಓದಬಹುದು ಎಂದು 2019, 2020ರಲ್ಲೇ ಬಂದಿದೆ. ಫೋರ್ಕ್ ಜೀನೋಮಿನ ಯಾವ ಜಾಗದಲ್ಲಿತ್ತು ಎನ್ನುವುದೂ ತಿಳಿಯುತ್ತದೆ.

ಕೋಶಪಾಲಕಿ
ಇದಕ್ಕೆ ಬೇರೆ ಚರ್ಚೆ ತೆರೆಯೋಣ. ಎಸ್_ಹಂತ ಅವರೇ, ಈ ಕೋಶಗಳು ಎಲ್ಲಿಂದ ಬಂದವು? ಎಷ್ಟನೆಯ ಪ್ಯಾಸೇಜ್, ಅಂದರೆ ಎಷ್ಟು ಸಲ ಹೊಸ ಬಟ್ಟಲಿಗೆ ಬದಲಿಸಿದ್ದು? ಮಾಧ್ಯಮದಲ್ಲಿ ಏನೇನು ಇದೆ?

ಎಸ್_ಹಂತ
ಮಾಮೂಲಿ. ಪಕ್ಕದ ಬೆಂಚಿನವರು ಸಿಸ್‌ಪ್ಲಾಟಿನ್ (ಡಿಎನ್‌ಎಗೆ ಹಾನಿ ಮಾಡುವ ಕ್ಯಾನ್ಸರ್ ಔಷಧಿ) ಪ್ರಯೋಗಕ್ಕೆ ಬೆಳೆಸುತ್ತಿದ್ದ ಕಲ್ಚರಿನಿಂದಲೇ ತೆಗೆದುಕೊಂಡದ್ದು. ಕಡಿಮೆ ಪ್ರಮಾಣದ ಔಷಧಿಯನ್ನು ಆಗಾಗ ಕೊಡುತ್ತಿರುತ್ತಾರೆ, ಪ್ರಯೋಗದ ಹಿಂದಿನ ದಿನ ತೆಗೆದುಬಿಡುತ್ತೇನೆ. ಎಲ್ಲ ಪ್ರಯೋಗಾಲಯದಲ್ಲೂ ಹೀಗೆಯೇ ಇರುತ್ತದಲ್ಲವೇ?

ಕೋಶಪಾಲಕಿ
ಇಲ್ಲ, ಹೀಗಿರುವುದಿಲ್ಲ. ಉತ್ತರ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಎಂಆರ್‌ಇ11 ನೇರವಾಗಿ ಹೋಗಿ ಯಾವುದೋ ಫೋರ್ಕನ್ನು ಕಡಿಯುವುದಿಲ್ಲ. ಮೊದಲು ಫೋರ್ಕ್ ಹಿಂದಕ್ಕೆ ಸರಿದು, ಹೊಸದಾಗಿ ಹೆಣೆದ ಎರಡು ಎಳೆಗಳು ಒಂದಕ್ಕೊಂದು ಜೋಡಿಯಾಗಿ ನಾಲ್ಕನೆಯ ತೋಳು ಹೊರಬರಬೇಕು. ಇದನ್ನು ಮಾಡುವುದು ಸ್ಮಾರ್ಕಾಲ್1, ಝಡ್‌ರಾನ್‌ಬಿ3, ಎಚ್‌ಎಲ್‌ಟಿಎಫ್ ಎಂಬ ಪ್ರೋಟೀನುಗಳು. ಮುರಿದ ಡಿಎನ್‌ಎಯನ್ನು ಮರುಸಂಯೋಜನೆಯಿಂದ ಸರಿಪಡಿಸುವ ರಾಡ್51 ಕೂಡ ಬೇಕು ಎಂದು 2015ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆ ತೋಳಿನ ತುದಿಯೇ ಎಂಆರ್‌ಇ11ಗೆ ಒಳಹೋಗುವ ದಾರಿ. ಸ್ಮಾರ್ಕಾಲ್1ನಂಥ ಪ್ರೋಟೀನನ್ನು ತೆಗೆದರೆ ಬಿಆರ್‌ಸಿಎ ಇಲ್ಲದ ಕೋಶದಲ್ಲೂ ಸವೆತ ನಿಲ್ಲುತ್ತದೆ ಎಂದು 2017ರಲ್ಲಿ ಬೇರೆ ಬೇರೆ ಗುಂಪುಗಳು ಹೇಳಿದವು. ಮನೆಗೆ ಬಾಗಿಲೇ ಇಲ್ಲದ ಮೇಲೆ ಕಾವಲುಗಾರ ಇಲ್ಲದಿದ್ದರೇನು?

ಈಗ ನಿಮ್ಮ ಸಿಸ್‌ಪ್ಲಾಟಿನ್. ಬಿಆರ್‌ಸಿಎ1 ಇಲ್ಲದ ಕೋಶಕ್ಕೆ ಒಂದು ಡೋಸ್ ಕೊಟ್ಟು, ಆಮೇಲೆ ಮತ್ತೆ ಕೊಟ್ಟರೆ ಎರಡನೆಯ ಸಲ ಫೋರ್ಕ್‌ಗಳು ಹಿಂದೆ ಸರಿಯುವುದು ಕಡಿಮೆಯಾಗುತ್ತದೆ ಎನ್ನುವುದು 2020ರ ಕೆಲಸ. ಎಟಿಆರ್ ಎಂಬ ಎಚ್ಚರಿಕೆಯ ಕಿಣ್ವದ ಮೂಲಕ ಪ್ರಿಂಪೋಲ್ ಎಂಬ ಇನ್ನೊಂದು ಕಿಣ್ವ ಹೆಚ್ಚುತ್ತದೆ. ಅದು ಅಡ್ಡಿಯಾದ ಜಾಗವನ್ನು ದಾಟಿ ಮುಂದೆ ಹೊಸದಾಗಿ ನಕಲು ಶುರು ಮಾಡುತ್ತದೆ, ಹಿಂದೆ ಒಂಟಿ ಎಳೆಯ ಖಾಲಿ ಜಾಗ ಉಳಿಯುತ್ತದೆ. ಫೋರ್ಕ್ ಸವೆಯುವುದಿಲ್ಲ, ಅದರ ಬದಲು ಗ್ಯಾಪ್‌ಗಳು ಸಿಗುತ್ತವೆ. ನಿಮ್ಮ ಕೋಶಗಳು ಈ ಪಾಠವನ್ನು ಮೊದಲೇ ಕಲಿತಿವೆ. ಔಷಧಿ ಎಂದೂ ಕಾಣದ ವಯಲನ್ನು ಫ್ರೀಜರಿನಿಂದ ತೆಗೆದು ಇದೇ ಪ್ರಯೋಗ ಮಾಡಿ.

ಹಿಂದುಳಿದ_ಎಳೆ
ತರ್ಕ ಆಕರ್ಷಕವಾಗಿದೆ, ಆದರೆ ಒಂದು ತೊಡಕಿದೆ. 4 ಮಿಲಿಮೋಲಾರ್ ಹೈಡ್ರಾಕ್ಸಿಯೂರಿಯಾ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸನ್ನು ಕಟ್ಟಿಹಾಕಿ ಡಿಎನ್‌ಎಯ ಕಚ್ಚಾವಸ್ತುವಾದ ಡಿಎನ್‌ಟಿಪಿಯನ್ನೇ ಬರಿದು ಮಾಡುತ್ತದೆ. ಇಟ್ಟಿಗೆಯೇ ಸಿಗದಿರುವಾಗ ಪ್ರಿಂಪೋಲ್ ಮುಂದೆ ಹೋಗಿ ಶುರು ಮಾಡಿದರೂ ಎಷ್ಟು ದೂರ ಕಟ್ಟೀತು? ಸಿಸ್‌ಪ್ಲಾಟಿನ್ ಡಿಎನ್‌ಎಯ ಮೇಲೆ ಅಲ್ಲಲ್ಲಿ ಗಂಟು ಹಾಕುವುದರಿಂದ ಅಲ್ಲಿ ದಾಟಿ ಹೋಗಲು ಅರ್ಥವಿದೆ. ಎರಡನ್ನೂ ಒಂದೇ ಎಂದು ಎಣಿಸಬಾರದು. ಬೇರೆ ಸಾಧ್ಯತೆಗಳನ್ನೂ ನೋಡಿ. ದೀರ್ಘಕಾಲ ಔಷಧಿಯಲ್ಲಿದ್ದ ಕೋಶಗಳಲ್ಲಿ ಬಿಆರ್‌ಸಿಎ1 ಜೀನಿನಲ್ಲಿ ಎರಡನೆಯ ರೂಪಾಂತರ ಬಂದು ಪ್ರೋಟೀನು ಮರಳಿರಬಹುದು. ಅಥವಾ ಎಂಆರ್‌ಇ11ನ್ನು ಫೋರ್ಕಿಗೆ ಕರೆತರುವ ಪಿಟಿಐಪಿಯಂಥ ಪ್ರೋಟೀನು ಕಳೆದುಹೋಗಿ, ಮರುಸಂಯೋಜನೆ ಮರಳದಿದ್ದರೂ ಫೋರ್ಕ್ ರಕ್ಷಣೆ ಮಾತ್ರ ಮರಳಿರಬಹುದು, ಅದು 2016ರಿಂದ ಗೊತ್ತಿರುವ ವಿಷಯ. ವಿಕಿರಣ ಕೊಟ್ಟು ರಾಡ್51 ಚುಕ್ಕೆಗಳನ್ನು ಎಣಿಸಿ. ಚುಕ್ಕೆ ಬಂದರೆ ಮರುಸಂಯೋಜನೆ ಮರಳಿದೆ ಎಂದರ್ಥ, ಮೊದಲು ಬಿಆರ್‌ಸಿಎ1ನ್ನು ಸೀಕ್ವೆನ್ಸ್ ಮಾಡಿಸಿ. ಬರದಿದ್ದರೆ ರಕ್ಷಣೆ ಬೇರೆ ಕಡೆಯಿಂದ ಬಂದಿದೆ.

ಗಾಜುಪಟ್ಟಿ
ಇಷ್ಟೆಲ್ಲ ಮಾಡುವ ಮೊದಲು ಎಕ್ಸ್‌ಪೋಷರ್ ಏರಿಸಿದ ಚಿತ್ರವನ್ನು ಹಾಕಿ ಎಂದು ಮತ್ತೆ ಕೇಳುತ್ತೇನೆ. ಹಸಿರು ನಂಬಲರ್ಹವಲ್ಲದಿದ್ದರೆ ಮುಂದಿನ ಒಂದು ಅಳತೆಯೂ ನಂಬಲರ್ಹವಲ್ಲ.

ಹಿಂದುಳಿದ_ಎಳೆ
ಇನ್ನೊಂದು ಮಾತು. ಸವೆತವನ್ನೇ ಎಲ್ಲದಕ್ಕೂ ಕಾರಣ ಮಾಡುವುದು ಹಳೆಯದಾಗುತ್ತಿದೆ. ಪಾರ್ಪ್ ಕಿಣ್ವವನ್ನು ತಡೆಯುವ ಕ್ಯಾನ್ಸರ್ ಔಷಧಿಗಳು ಬಿಆರ್‌ಸಿಎ ಇಲ್ಲದ ಕೋಶವನ್ನು ಕೊಲ್ಲುವುದು ಗ್ಯಾಪ್‌ಗಳಿಂದ ಎಂಬ ವಾದ 2021ರಿಂದ ಬಲವಾಗಿದೆ.

ಕೋಶಪಾಲಕಿ
ಬಲವಾಗಿದೆ, ಮುಗಿದಿಲ್ಲ. ಗ್ಯಾಪ್ ಇದ್ದೂ ಬದುಕುವ ಕೋಶಗಳಿವೆ, ಆ ಗ್ಯಾಪ್ ಮುಂದಿನ ಕೋಶಚಕ್ರದಲ್ಲಿ ಏನಾಗುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಡಿಎನ್‌ಟಿಪಿ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಹಾಗಾದರೆ ಹೈಡ್ರಾಕ್ಸಿಯೂರಿಯಾ ಜೊತೆಗೆ ಸಿಸ್‌ಪ್ಲಾಟಿನ್ ಸವಾಲನ್ನೂ ಇಡಬೇಕು, ಎಸ್1 ನ್ಯೂಕ್ಲಿಯೇಸನ್ನೂ ಸೇರಿಸಬೇಕು. ಎಸ್1 ಒಂಟಿ ಎಳೆಯನ್ನು ಮಾತ್ರ ಕತ್ತರಿಸುತ್ತದೆ. ಹಸಿರಿನೊಳಗೆ ಗ್ಯಾಪ್ ಇದ್ದರೆ ಎಳೆ ಅಲ್ಲಿ ತುಂಡಾಗಿ ಗಿಡ್ಡವಾಗುತ್ತದೆ.

ಎಸ್_ಹಂತ
ಫಲಿತಾಂಶ ಬಂದಿದೆ. ಔಷಧಿ ಕಾಣದ ವಯಲಿನ ಕೋಶಗಳಲ್ಲಿ ಹೈಡ್ರಾಕ್ಸಿಯೂರಿಯಾ ಕೊಟ್ಟಾಗ ಅನುಪಾತ ಸ್ಪಷ್ಟವಾಗಿ ಇಳಿಯಿತು, ಮಿರಿನ್ ಹಾಕಿದಾಗ ಮೇಲೆ ಬಂತು. ಅದೇ ದಿನ, ಅದೇ ಆಂಟಿಬಾಡಿ, ಅದೇ ಎಕ್ಸ್‌ಪೋಷರ್. ಸಿಸ್‌ಪ್ಲಾಟಿನ್ ಕಂಡ ಕೋಶಗಳು ಮೊದಲಿನಂತೆಯೇ ಜಗ್ಗಲಿಲ್ಲ. ಅವುಗಳಲ್ಲಿ ರಾಡ್51 ಚುಕ್ಕೆ ಬರುತ್ತಿಲ್ಲ, ಹಾಗಾಗಿ ಬಿಆರ್‌ಸಿಎ1 ಮರಳಿದಂತೆ ಕಾಣುವುದಿಲ್ಲ. ವೆಸ್ಟರ್ನ್‌ನಲ್ಲಿ ಪ್ರಿಂಪೋಲ್ ಸ್ವಲ್ಪ ಹೆಚ್ಚಿದೆ, ಸ್ಮಾರ್ಕಾಲ್1 ಬದಲಾಗಿಲ್ಲ. ಪ್ರಿಂಪೋಲ್ ತೆಗೆದು ನೋಡುವುದು ಇನ್ನೂ ಬಾಕಿ. ಇಷ್ಟು ದಿನ ನನ್ನ ಕೈ ಸರಿಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಈ ಸ್ಲೈಡ್‌ಗಳನ್ನು ಸಭೆಯಲ್ಲಿ ಮೇಜಿನ ಮೇಲಿಡುತ್ತೇನೆ.

ಹಿಂದುಳಿದ_ಎಳೆ
ಒಳ್ಳೆಯ ಸುದ್ದಿ. ಆದರೆ ಪ್ರಿಂಪೋಲ್ ತೆಗೆದಾಗ ಸವೆತ ಮರಳದಿದ್ದರೆ ನನ್ನ ಪಟ್ಟಿಯನ್ನು ನೆನಪಿಡಿ. ಪಿಟಿಐಪಿ ಬ್ಲಾಟ್ ಮಾಡಲು ಹೆಚ್ಚು ಹೊತ್ತು ಬೇಡ.

ಗಾಜುಪಟ್ಟಿ
ಒಂದೇ ದಿನದ ಜೋಡಿ ಸ್ಲೈಡ್ ಇದೆ ಎಂದಮೇಲೆ ಹಸಿರಿನ ಬಗ್ಗೆ ನನ್ನ ಆಕ್ಷೇಪ ಇಲ್ಲ.

ಪೆಟ್ರಿತಟ್ಟೆ
ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ. ನನಗೆ ಎಸ್1 ಹಾಕಿದಾಗ ಔಷಧಿ ಇಲ್ಲದ ಕೋಶದಲ್ಲೂ ಎಳೆಗಳು ಗಿಡ್ಡವಾಗುತ್ತವೆ. ಟ್ರೈಟಾನ್‌ನಲ್ಲಿ ಪೊರೆ ಬಿಚ್ಚಿ, ಪಿಎಚ್ 4.6ರ ಸತುವಿನ ದ್ರಾವಣದಲ್ಲಿ 37 ಡಿಗ್ರಿಗೆ 30 ನಿಮಿಷ ಇಡುತ್ತೇನೆ. ಯಾರಿಗಾದರೂ ಹೀಗಾಗಿದೆಯೇ?

ನೂಲೆಳೆ
ಎಸ್1 ಇಲ್ಲದೆ ಅದೇ ದ್ರಾವಣದಲ್ಲಿ ಅಷ್ಟೇ ಹೊತ್ತು ಇಟ್ಟ ಸ್ಲೈಡ್ ಮಾಡಿದ್ದೀರಾ? ಅದರಲ್ಲೂ ಗಿಡ್ಡವಾದರೆ ದೋಷ ಕಿಣ್ವದ್ದಲ್ಲ, ನ್ಯೂಕ್ಲಿಯಸ್‌ಗಳನ್ನು ಕೆರೆದು ತೆಗೆಯುವಾಗ ಡಿಎನ್‌ಎ ಮುರಿಯುತ್ತಿದೆ. ಅದರಲ್ಲಿ ಎಳೆ ಸರಿಯಾಗಿದ್ದರೆ ಕಿಣ್ವದ ಪ್ರಮಾಣವನ್ನು ಅರ್ಧಕ್ಕರ್ಧ ಇಳಿಸುತ್ತಾ ಹೋಗಿ, ಔಷಧಿ ಇಲ್ಲದ ಕೋಶದ ಎಳೆಯನ್ನು ಕಿಣ್ವ ಮುಟ್ಟದ ಮಟ್ಟ ಸಿಗುವವರೆಗೆ.