ಹಕ್ಕಿ ‘ಫೀಡಿಂಗ್’ ಚಿತ್ರಕ್ಕೆ ಕನ್ನಡದ ಅಡಿಬರಹ: ಮೇಯು, ಹೆಕ್ಕು, ತಡಕು, ಕಲಕು…

ಎಲ್ಲರಿಗೂ ನಮಸ್ಕಾರ.

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ತೆಗೆದ ಹಕ್ಕಿ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕುಮಟಾ ಸುತ್ತಿನ ಶಾಲೆಗಳಲ್ಲಿ ತೂಗುಹಾಕಲು ಮಾಡುತ್ತಿರುವ ಚಿತ್ರಗಳು ಇವು. ಹಕ್ಕಿಯ ಹೆಸರು, ಜಾಗ, ತಿಂಗಳು ಬರೆಯುವುದು ದೊಡ್ಡ ಕೆಲಸವೇನಲ್ಲ. ತೊಡಕಿರುವುದು ಕ್ರಿಯಾಪದದಲ್ಲಿ. ಕ್ಯಾಮೆರಾದವರು ಇಂಗ್ಲಿಷಿನಲ್ಲಿ ಕಳಿಸಿದ ಪಟ್ಟಿ ನೋಡಿದರೆ ಹೆಚ್ಚುಕಡಿಮೆ ಎಲ್ಲ ಚಿತ್ರದ ಮುಂದೆಯೂ ‘ಫೀಡಿಂಗ್’ ಎಂದೇ ಇದೆ. ಬೆಳ್ಳಕ್ಕಿಯದೂ ಫೀಡಿಂಗ್, ಬಾಗುಕೊಕ್ಕಿನ ಗೊರವನದೂ ಫೀಡಿಂಗ್, ಚಮಚಕೊಕ್ಕಿನದೂ ಫೀಡಿಂಗ್. ಆದರೆ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಈ ಮೂವರೂ ಮಾಡುತ್ತಿರುವುದು ಮೂರು ಬೇರೆ ಕೆಲಸ.

ಪ್ರದರ್ಶನಗಳಲ್ಲಿ, ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಆಹಾರ ಸೇವಿಸುತ್ತಿರುವ ಹಕ್ಕಿ’. ನನಗೆ ಇದು ಹಿಡಿಸುವುದಿಲ್ಲ. ನಾವು ಸೇವಿಸುವುದು ಪ್ರಸಾದವನ್ನು, ಔಷಧಿಯನ್ನು, ಬೆಳಗಿನ ಗಾಳಿಯನ್ನು. ಕೆಸರಿನೊಳಗಿಂದ ಏಡಿಯನ್ನು ಎಳೆದು ಅದರ ಕಾಲು ಮುರಿದು ನುಂಗುವ ಹಕ್ಕಿಯನ್ನು ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಿಸಿದ ಹಾಗಾಗುತ್ತದೆ. ಇದಕ್ಕಿಂತ ಕಷ್ಟದ್ದು ಒಂದು ಕಡೆ ಕಂಡ ‘ಆಹಾರ ನೀಡುತ್ತಿರುವ ಕೊಕ್ಕರೆ’. ಚಿತ್ರದಲ್ಲಿ ಮರಿಯ ಸುಳಿವೇ ಇಲ್ಲ! ಇಂಗ್ಲಿಷಿನ ಆ ಒಂದೇ ಮಾತು ತಾನು ತಿನ್ನುವುದಕ್ಕೂ ಬರುತ್ತದೆ, ಮರಿಗೆ ತಿನ್ನಿಸುವುದಕ್ಕೂ ಬರುತ್ತದೆ. ಅನುವಾದಿಸಿದವರು ಚಿತ್ರ ನೋಡದೆ ಪಟ್ಟಿ ನೋಡಿ ಬರೆದಿದ್ದಾರೆ. ಕನ್ನಡದಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇಲ್ಲ. ಮರಿಗೆ ಕೊಡುವುದು ‘ಗುಟುಕು’. ತಾನು ತಿನ್ನುವುದಕ್ಕೆ ಬೇರೆ ಮಾತುಗಳಿವೆ. ಯಾವ ಮಾತು ಯಾವ ಹಕ್ಕಿಗೆ ಎನ್ನುವುದೇ ನನ್ನ ಪ್ರಶ್ನೆ.

ಮೊದಲು ‘ಮೇಯು’. ಹಳ್ಳಿಯ ಕಡೆ ‘ಕೋಳಿ ಹಿತ್ತಲಲ್ಲಿ ಮೇಯ್ತಾ ಇದೆ’, ‘ಕೊಕ್ಕರೆ ಮೇಯಕ್ಕೆ ಹೋಗಿವೆ’ ಎನ್ನುವುದು ಸಹಜ. ಹಾಗಾಗಿ ಹಕ್ಕಿಗೂ ಇದು ಸಲ್ಲುತ್ತದೆ. ಆದರೆ ಕರ್ಮಪದ ಸೇರಿಸಿ ನೋಡಿ: ‘ಗೊರವ ಏಡಿ ಮೇಯುತ್ತಿದೆ’. ನಗು ಬರುತ್ತದೆ. ‘ಕೆಸರಿನಲ್ಲಿ ಗೊರವಗಳು ಮೇಯುತ್ತಿವೆ’ ಎಂದರೆ ಮಾತ್ರ ಏನೂ ಅನ್ನಿಸುವುದಿಲ್ಲ. ನನ್ನ ಕಿವಿಗೆ ಕೇಳುವ ಪ್ರಕಾರ, ಏನು ತಿನ್ನುತ್ತಿದೆ ಎಂದು ಹೇಳದೆ, ಅಡ್ಡಾಡುತ್ತಾ ತಿನ್ನುತ್ತಿದೆ ಎನ್ನುವಾಗ ಮೇಯು ಯಾವ ಪ್ರಾಣಿಗೂ ಒಪ್ಪುತ್ತದೆ. ತಿಂಡಿಯ ಹೆಸರು ಬಂದ ಕೂಡಲೇ ಅದು ಹುಲ್ಲು ಸೊಪ್ಪಿಗೆ ಮರಳಿಬಿಡುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಮಾತು ಬೇರೆ. ಅದು ಹೊಲಕ್ಕಿಳಿದು ಹುಲ್ಲು, ಎಳೆ ಪೈರು ತಿನ್ನುವ ಹಕ್ಕಿ, ಅದರದು ನಿಜವಾಗಿಯೂ ಮೇಯುವುದೇ. ಗುಂಪಿನ ಚಿತ್ರಕ್ಕೆ, ದೂರದಿಂದ ತೆಗೆದದ್ದಕ್ಕೆ ‘ಮೇಯುತ್ತಿರುವ’ ಎಂದು ಬರೆಯೋಣ ಎಂದುಕೊಂಡಿದ್ದೇನೆ. ಹತ್ತಿರದ ಚಿತ್ರಕ್ಕೆ ಇದು ಸಾಲದು.

ಹತ್ತಿರದ ಚಿತ್ರದಲ್ಲಿ ಕಾಣುವುದು ಹಕ್ಕಿ ತಿಂಡಿಯನ್ನು ಹೇಗೆ ಪತ್ತೆಮಾಡುತ್ತದೆ ಎನ್ನುವುದು. ಇಲ್ಲಿ ಎರಡು ಒಕ್ಕಲು. ಕೆಲವು ಕಣ್ಣಿನಿಂದ ನೋಡಿ ಹಿಡಿಯುವವು, ಕೆಲವು ಮುಟ್ಟಿ ತಿಳಿಯುವವು. ಪ್ಲವರ್ ಎನ್ನುವ ಗಿಡ್ಡ ಕೊಕ್ಕಿನ ದಂಡೆಹಕ್ಕಿಗಳು, ನಮ್ಮ ಟಿಟ್ಟಿಭವೂ ಅದೇ ಕುಟುಂಬದ್ದು, ಮೊದಲ ಒಕ್ಕಲಿನವು. ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ನೋಡಿ, ಬಗ್ಗಿ ಒಂದು ಹುಳು ಎತ್ತಿಕೊಂಡು ಮತ್ತೆ ಓಟ. ಇದಕ್ಕೆ ‘ಹೆಕ್ಕು’ ಎನ್ನುವುದಕ್ಕಿಂತ ಒಳ್ಳೆಯ ಪದ ನನಗೆ ತೋಚಿಲ್ಲ. ಮಲೆನಾಡು, ಕರಾವಳಿಯವರಿಗೆ ಅಡಿಕೆ ಹೆಕ್ಕುವುದು ದಿನದ ಮಾತು: ನೆಲದ ಮೇಲೆ ಕಣ್ಣಿಟ್ಟು, ಕಂಡದ್ದನ್ನು ಒಂದೊಂದಾಗಿ ಎತ್ತಿಕೊಳ್ಳುವುದು. ಉಳುವ ಎತ್ತಿನ ಹಿಂದೆ ಗೋವಕ್ಕಿ ಮಾಡುವುದೂ ಇದನ್ನೇ. ಮೈಸೂರು ಕಡೆಯವರು ಇಲ್ಲಿ ‘ಆಯು’ ಎಂದಾರು, ಧಾರವಾಡದವರು ‘ಆರಿಸು’ ಎಂದಾರು. ‘ಕುಕ್ಕು’ ಮತ್ತು ‘ಕುಟುಕು’ ಎರಡರಲ್ಲೂ ಕೊಕ್ಕಿನ ಪೆಟ್ಟು ಕೇಳುತ್ತದೆ, ಹುಡುಕಾಟ ಕೇಳುವುದಿಲ್ಲ. ಕುಟುಕಿಗಂತೂ ಚೇಳಿನ ನೆನಪು ಅಂಟಿಕೊಂಡಿದೆ.

ಎರಡನೆಯ ಒಕ್ಕಲಿನ ಯಜಮಾನ ಕರ್ಲ್ಯೂ ಎಂದು ಪಕ್ಷಿವೀಕ್ಷಕರು ಕರೆಯುವ, ಬಾಗುಕೊಕ್ಕಿನ ದೊಡ್ಡ ಗೊರವ. ಕೊಕ್ಕು ಸುಮಾರು 15 ಸೆಂಟಿಮೀಟರು, ಹೆಣ್ಣಿನದು ಗಂಡಿನದಕ್ಕಿಂತ ಉದ್ದ. ಅದು ಕೊಕ್ಕನ್ನು ಬುಡದವರೆಗೂ ಕೆಸರಿನೊಳಗೆ ಇಳಿಸಿದಾಗ ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಈ ಕುಟುಂಬದ ಹಕ್ಕಿಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಅವುಗಳೊಳಗೆ ಸ್ಪರ್ಶ ತಿಳಿಯುವ ಕೋಶಗಳಿರುತ್ತವೆ. ಅಷ್ಟೇ ಅಲ್ಲ, ಮೇಲ್ಗೊಕ್ಕಿನ ತುದಿಯನ್ನು ಮಾತ್ರ ಎತ್ತುವ ಶಕ್ತಿ ಇವಕ್ಕಿದೆ. ಕೊಕ್ಕಿನ ಉಳಿದ ಭಾಗ ಮುಚ್ಚಿದಂತೆಯೇ ಇದ್ದು, ಮಣ್ಣಿನಡಿಯಲ್ಲಿ ತುದಿ ಮಾತ್ರ ಇಕ್ಕಳದಂತೆ ತೆರೆದು ಹುಳುವನ್ನು ಹಿಡಿಯುತ್ತದೆ. ಇಂಗ್ಲಿಷಿನ ‘ಪ್ರೋಬಿಂಗ್’ ಎಂಬುದಕ್ಕೆ ನಿಘಂಟು ಹಿಡಿದು ‘ಶೋಧಿಸು’ ಎಂದು ಬರೆದರೆ ತನಿಖಾ ಆಯೋಗ ನೆನಪಾಗುತ್ತದೆ. ‘ಚುಚ್ಚು’, ‘ಇರಿ’, ‘ತಿವಿ’ ಎಲ್ಲದರಲ್ಲೂ ಗಾಯ ಮಾಡುವ ಉದ್ದೇಶವಿದೆ. ನಾನು ಆರಿಸಿಕೊಂಡಿರುವುದು ‘ತಡಕು’. ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕುತ್ತೇವಲ್ಲ, ಕಣ್ಣನ್ನು ನಂಬದೆ ಬೆರಳನ್ನು ನಂಬುವ ಆ ಹುಡುಕಾಟ. ‘ಇಳಿತದ ಕೆಸರಿನಲ್ಲಿ ಏಡಿಗಾಗಿ ತಡಕುತ್ತಿರುವ ಗೊರವ’. ‘ತಡಕಾಡು’ ಎಂದರೆ ಸಿಗದೆ ಪರದಾಡಿದಂತೆ ಕೇಳುತ್ತದೆ, ಹಾಗಾಗಿ ಬಿಟ್ಟೆ. ಯಾರಿಗಾದರೂ ಭಿನ್ನಾಭಿಪ್ರಾಯವಿದ್ದರೆ ಹೇಳಿ.

ಚಮಚಕೊಕ್ಕಿನದು ಸುಲಭವಾಗಿ ಬಗೆಹರಿಯಿತು. ಕೊಕ್ಕನ್ನು ಸ್ವಲ್ಪ ತೆರೆದು ನೀರಿನಲ್ಲಿಟ್ಟು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ, ಏನಾದರೂ ತಾಗಿದರೆ ಫಟ್ಟನೆ ಮುಚ್ಚುತ್ತದೆ. ‘ಜಾಲಾಡು’ ಇದಕ್ಕೆಂದೇ ಹುಟ್ಟಿದಂತಿದೆ. ಅಕ್ಕಿ ಜಾಲಿಸುವುದರಲ್ಲಿರುವ ತೂಗಾಟವೂ ಅದರಲ್ಲಿದೆ, ಮನೆಯೆಲ್ಲ ಜಾಲಾಡಿದರು ಎನ್ನುವಾಗಿನ ಮೂಲೆಬಿಡದ ಹುಡುಕಾಟವೂ ಇದೆ.

ಬೂದು ಬಕ ಮೀನು ಹಿಡಿದ ಚಿತ್ರಕ್ಕೆ ಪಟ್ಟಿಯಲ್ಲಿ ಇಂಗ್ಲಿಷಿನ ‘ಸ್ಪಿಯರ್’ ಇತ್ತು. ‘ಮೀನನ್ನು ಚುಚ್ಚಿದ ಬಕ’ ಎಂದು ಬರೆಯಲು ಹೊರಟವನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೀನು ಎರಡು ಕೊಕ್ಕಿನ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಬಕಗಳು ಹೆಚ್ಚಾಗಿ ಮಾಡುವುದು ಹೀಗೆಯೇ, ಕಚ್ಚಿ ಹಿಡಿಯುವುದು. ಭರ್ಜಿಯಂತೆ ಚುಚ್ಚುವುದು ಹಾವಕ್ಕಿಯ ಕಸಬು. ಆದ್ದರಿಂದ ಅಲ್ಲಿ ‘ಗಬಕ್ಕನೆ ಹಿಡಿದ’ ಎಂದೇ ಹಾಕಿದ್ದೇನೆ. ಇಂಥ ಕಡೆ ನಮ್ಮ ಅನುಕರಣ ಶಬ್ದಗಳು ಕ್ರಿಯಾಪದಕ್ಕಿಂತ ಹೆಚ್ಚು ಹೇಳುತ್ತವೆ.

ಈಗ ನಿಜವಾಗಿ ನನ್ನನ್ನು ಕಾಡುತ್ತಿರುವ ಚಿತ್ರ: ಬೆಳ್ಳಕ್ಕಿಯ ಕಾಲು. ಸಣ್ಣ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಮಾತ್ರ ಹಳದಿ. ಮೊಣಕಾಲು ಮಟ್ಟದ ನೀರಿಗಿಂತ ತುಸು ಕಡಿಮೆ ಇರುವ ಕಡೆ ಒಂದು ಕಾಲನ್ನು ಊರಿ, ಇನ್ನೊಂದನ್ನು ಮುಂದಕ್ಕೆ ಚಾಚಿ, ಬೆರಳುಗಳು ಕೆಸರಿಗೆ ತಾಗುವಷ್ಟು ಇಳಿಸಿ, ಪಾದವನ್ನು ಸರಸರ ಅದುರಿಸುತ್ತದೆ. ಮೈ ಅಲುಗುವುದಿಲ್ಲ, ಕತ್ತು ಅಲುಗುವುದಿಲ್ಲ, ಕಣ್ಣು ಆ ಹಳದಿ ಬೆರಳುಗಳ ಮೇಲೆಯೇ. ಕೆಸರು ಸಣ್ಣಗೆ ಎದ್ದು, ಅಡಗಿದ್ದ ಸಿಗಡಿಯೋ ಮೀನಿನ ಮರಿಯೋ ಚಿಮ್ಮುತ್ತದೆ. ಕತ್ತು ಆಗ ಬಿಲ್ಲಿನಿಂದ ಬಿಟ್ಟಂತೆ ಹೊರಡುತ್ತದೆ. ಈ ಅದುರಿಸುವ ಕ್ರಿಯೆಗೆ ಏನೆನ್ನುವುದು? ‘ಕೆದಕು’ ಎಂದರೆ ಕೋಳಿ ಉಗುರಿನಿಂದ ಮಣ್ಣು ಹಿಂದಕ್ಕೆ ಎಳೆಯುವುದು. ಹಳೆಯ ಜಗಳವನ್ನೂ ಕೆದಕುತ್ತೇವೆ. ಬೆಳ್ಳಕ್ಕಿ ಎಳೆಯುವುದಿಲ್ಲ. ‘ಕದಡು’ ಎಂದರೆ ನೀರೆಲ್ಲ ರಾಡಿಯಾಗಬೇಕು. ‘ಕಲಕು’ ಹತ್ತಿರ ಬರುತ್ತದೆ, ಸದ್ಯಕ್ಕೆ ‘ಕಾಲಿನಿಂದ ಕೆಸರು ಕಲಕುತ್ತಿರುವ ಬೆಳ್ಳಕ್ಕಿ’ ಎಂದಿದೆ. ಆದರೆ ಕಲಕುವುದರಲ್ಲಿ ಸುತ್ತಾಟವಿದೆ, ನಡುಕವಿಲ್ಲ. ‘ಕೈಯಾಡಿಸು’ ಇರುವಂತೆ ‘ಕಾಲಾಡಿಸು’ ಎನ್ನಬಹುದಿತ್ತು, ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಕಾಲಾಡಿಸಿಕೊಂಡು ಬರುವುದೆಂದರೆ ಊಟವಾದ ಮೇಲೆ ರಸ್ತೆಯ ಕೊನೆಯವರೆಗೆ ಹೋಗಿಬರುವುದು ಎಂದು ಎಲ್ಲರಿಗೂ ಗೊತ್ತು. ಆ ಪದ ಈಗಾಗಲೇ ಖರ್ಚಾಗಿದೆ.

ಇದೆಲ್ಲ ಪದದ ಚಪಲ ಎಂದು ಕೆಲವರಿಗೆ ಅನ್ನಿಸಬಹುದು. ಚಿತ್ರ ತೆಗೆಯುವವರ ಜೊತೆ ಕೆಸರಿನ ಅಂಚಿನಲ್ಲಿ ಮಲಗಿ ನೋಡಿದವರಿಗೆ ಹಾಗನ್ನಿಸುವುದಿಲ್ಲ. ಯಾವ ಕ್ಷಣಕ್ಕೆ ಗುಂಡಿ ಒತ್ತಬೇಕು ಎನ್ನುವುದನ್ನು ಕ್ರಿಯೆಯೇ ತೀರ್ಮಾನಿಸುತ್ತದೆ. ಹೆಕ್ಕುವ ಹಕ್ಕಿ ಓಡುವಾಗ ಬೆನ್ನಟ್ಟಿ ಫೋಕಸ್ ಮಾಡುವುದು ದಂಡ. ಅದು ಗಕ್ಕನೆ ನಿಲ್ಲುತ್ತದಲ್ಲ, ಆಗ ಸಿಗುತ್ತದೆ. ತಡಕುವ ಹಕ್ಕಿಯ ಕೊಕ್ಕು ಒಳಗಿರುವಾಗ ತೆಗೆದರೆ ಮೊಂಡು ಮೂತಿಯ ಹಕ್ಕಿ ಬರುತ್ತದೆ, ಹೊರಗೆ ಎಳೆಯುವ ತನಕ ಕಾಯಬೇಕು. ಬೆಳ್ಳಕ್ಕಿಯ ಆ ಕತ್ತಿನ ಓಟಕ್ಕೆ ಸೆಕೆಂಡಿನ 1/2000 ಭಾಗದ ಶಟರ್ ಆದರೂ ಬೇಕು. ಜೊತೆಗೆ ಬಿಸಿಲಿನಲ್ಲಿ ಬಿಳಿ ಗರಿ ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್ ಇಳಿಸಿಕೊಳ್ಳಬೇಕು. ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯದಿದ್ದರೆ ಕಾಲಿನ ಕೆಲಸ ಕಾಣುವುದೇ ಇಲ್ಲ, ಬೆನ್ನು ಕಾಣುತ್ತದೆ. ಇನ್ನು ನೀರಿನ ಲೆಕ್ಕ: ಇಳಿತದಲ್ಲಿ ಹಕ್ಕಿಗಳು ನೀರಂಚನ್ನು ಹಿಂಬಾಲಿಸಿ ದೂರ ಹೋಗುತ್ತವೆ. ಉಬ್ಬರ ಶುರುವಾದ ಮೇಲೆ, ಮೊದಲೇ ದಂಡೆಯಲ್ಲಿ ಮಲಗಿದ್ದವರ ಹತ್ತಿರಕ್ಕೆ ನೀರೇ ಅವುಗಳನ್ನು ತಳ್ಳಿಕೊಂಡು ಬರುತ್ತದೆ. ಬಕಧ್ಯಾನ ಎನ್ನುವ ಮಾತು ಆ ಹೊತ್ತಿನಲ್ಲಿ ಬಕಕ್ಕಿಂತ ಕ್ಯಾಮೆರಾದವರಿಗೇ ಹೆಚ್ಚು ಒಪ್ಪುತ್ತದೆ. 2024ರ ಜನವರಿಯಲ್ಲಿ ಈ ಅಳಿವೆ, ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದೆ. ಚಿತ್ರಗಳೂ ಅಡಿಬರಹಗಳೂ ಇನ್ನು ಹೆಚ್ಚುವುದೇ ಹೊರತು ಕಡಿಮೆಯಾಗಲಾರವು.

ಗುಂಪಿನ ಹೆಸರಿನ ಬಗ್ಗೆಯೂ ಒಂದು ಮಾತು. ‘ವೇಡರ್’ ಎಂದು ಬ್ರಿಟಿಷರು ಹೇಳಿದರೆ ಗೊರವ, ಉಲ್ಲಂಕಿ (ಸ್ಯಾಂಡ್‌ಪೈಪರ್), ಪ್ಲವರ್‌ಗಳ ಗುಂಪು. ಅಮೆರಿಕದವರು ಅದನ್ನು ‘ಶೋರ್‌ಬರ್ಡ್’ ಎನ್ನುತ್ತಾರೆ. ಅಮೆರಿಕದವರ ‘ವೇಡಿಂಗ್ ಬರ್ಡ್’ ಎಂದರೆ ಬಕ, ಕೊಕ್ಕರೆ, ಕೆಂಬರಲು (ಐಬಿಸ್), ಚಮಚಕೊಕ್ಕು. ಎರಡನ್ನೂ ‘ನೀರಿನಲ್ಲಿ ನಡೆಯುವ ಹಕ್ಕಿ’ ಎಂದು ಕನ್ನಡಿಸಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ದಂಡೆಹಕ್ಕಿ’, ಎರಡನೆಯದಕ್ಕೆ ‘ಉದ್ದಗಾಲಿನ ನೀರಹಕ್ಕಿ’ ಎಂದು ಇಟ್ಟುಕೊಂಡಿದ್ದೇನೆ. ಮೆಟ್ಟುಗಾಲು ಹಕ್ಕಿಗೆ ದಂಡೆಹಕ್ಕಿಗಳ ಸಾಲಿನಲ್ಲಿದ್ದೂ ಎಲ್ಲರಿಗಿಂತ ಉದ್ದದ ಕಾಲು, ಅದೊಂದು ಪೇಚು.

ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ಕೇಳಿಬಿಡುತ್ತೇನೆ: ಈ ‘ಗೊರವ’ ಎಲ್ಲಿಯದು? ಕಂಬಳಿ ಹೊದ್ದು ಡಮರು ಹಿಡಿದು ಕುಣಿಯುವ ಮೈಲಾರಲಿಂಗನ ಗೊರವಯ್ಯ ಇದ್ದಾನೆ, ಶಾಸನಗಳಲ್ಲಿ ಶೈವ ಗುರುಗಳಾದ ಗೊರವರಿದ್ದಾರೆ, ಗೊರವಂಕ ಎಂಬ ಮೈನಾ ಇದೆ. ಉಲ್ಲಂಕಿಗಾದರೆ ತಮಿಳಿನ ಉಳ್ಳಾನ್, ತೆಲುಗಿನ ಉಲ್ಲಂಕಿ ಎಂದು ನೆಂಟರು ಸಿಗುತ್ತಾರೆ. ಹಕ್ಕಿ ಗೊರವನಿಗೂ ಕುಣಿಯುವ ಗೊರವನಿಗೂ ನೆಂಟಸ್ತಿಕೆ ಕಟ್ಟುವ ಆಸೆ ನನಗೂ ಇದೆ, ಎರಡೂ ಊರೂರು ಅಲೆಯುವವು, ಎರಡಕ್ಕೂ ಕೊಳಲಿನಂಥ ದನಿಯಿದೆ. ಆದರೆ ಇಂಥ ಚಂದದ ಹೋಲಿಕೆಗಳನ್ನು ಈ ಚರ್ಚೆಯಲ್ಲಿ ಯಾರೂ ಪುರಾವೆಯಿಲ್ಲದೆ ಒಪ್ಪುವುದಿಲ್ಲವೆಂದು ಗೊತ್ತು. ಬಲ್ಲವರು ತಿಳಿಸಿ.

ಮುಖ್ಯ ಕೋರಿಕೆ ಕುಮಟಾ, ಅಂಕೋಲಾ, ಹೊನ್ನಾವರ ಕಡೆಯವರಿಗೆ. ಇಳಿತದ ಹೊತ್ತಿನಲ್ಲಿ ಅಳಿವೆಗೆ ಇಳಿದು ಬಳಚು ಎಂಬ ತಿನ್ನುವ ಚಿಪ್ಪು ತೆಗೆಯುವವರು ಕೈಯಿಂದಲೂ ಕಾಲಿನಿಂದಲೂ ಕೆಸರನ್ನು ಮುಟ್ಟಿ ನೋಡುತ್ತಾರೆ. ಪಾದವನ್ನು ಕೆಸರಿನಲ್ಲಿ ಹಾಗೆ ಆಡಿಸಿ ಚಿಪ್ಪನ್ನು ಪತ್ತೆಹಚ್ಚುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತೀರಿ? ಹಾಲಕ್ಕಿಯವರ ಕನ್ನಡದ್ದಾಗಲಿ, ಅಂಬಿಗರ ಮನೆಯದ್ದಾಗಲಿ, ಕೊಂಕಣಿಯದ್ದೇ ಆಗಲಿ, ಪರವಾಗಿಲ್ಲ. ವಾಕ್ಯದಲ್ಲಿ ಬಳಸಿ ಬರೆದು ತಿಳಿಸಿದರೆ ಇನ್ನೂ ಉಪಕಾರ. ಅಂಥದ್ದೊಂದು ಮಾತು ಸಿಕ್ಕರೆ ಬೆಳ್ಳಕ್ಕಿಯ ಚಿತ್ರದಿಂದ ‘ಕಲಕು’ ತೆಗೆದು ಅದನ್ನೇ ಹಾಕುತ್ತೇನೆ. ಅಡಿಬರಹಗಳು ಇನ್ನೂ ಅಚ್ಚಿಗೆ ಹೋಗಿಲ್ಲ.