ಮನೆ ಕೆಳಗಿನ ಅಡಿಕೆ ಗೋದಾಮನ್ನು ವಾಸದ ಕೋಣೆ ಮಾಡಬಹುದಾ?

ಹೊಸನಗರದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿದೆ. ರಸ್ತೆ ಕಡೆಯಿಂದ ಒಂದೇ ಅಂತಸ್ತು, ತೋಟದ ಕಡೆಯಿಂದ ಎರಡು. ಕೆಳಗಿನ ಭಾಗದಲ್ಲಿ ಇಷ್ಟು ವರ್ಷ ಅಡಿಕೆ ಮೂಟೆ, ಗೊಬ್ಬರದ ಚೀಲ ಇಡುತ್ತಿದ್ದೆವು. 12 ಅಡಿ ಅಗಲ, 20 ಅಡಿ ಉದ್ದ, ಎತ್ತರ ಎಂಟೂವರೆ ಅಡಿ. ಗೋಡೆ ಜಂಬಿಟ್ಟಿಗೆಯದು. ಹಿಂದಿನ ಗೋಡೆ ಪೂರ್ತಿ ದರೆಗೆ, ಅಂದರೆ ಕಡಿದ ಗುಡ್ಡದ ಮಣ್ಣಿಗೆ, ಅಂಟಿದೆ. ತೋಟದ ಕಡೆ ಬಾಗಿಲು, ಒಂದು ಸಣ್ಣ ಕಿಟಕಿ.

ತಮ್ಮ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಮೇಲೆ ಅಪ್ಪಯ್ಯನ ಟಿವಿ, ಮಕ್ಕಳ ಗಲಾಟೆ. ಅವನಿಗೊಂದು ಕೋಣೆ ಬೇಕೇ ಬೇಕು. ಆದರೆ ಆರಿದ್ರಾ ಮಳೆ ಹಿಡಿಯಿತು ಅಂದರೆ ಹಿಂದಿನ ಗೋಡೆ ಮೊಣಕಾಲೆತ್ತರ ಒದ್ದೆ. ಉಪ್ಪೇಳುತ್ತದೆ, ಬೂಸ್ಟು ಹಿಡಿಯುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಮೂಲೆಯಲ್ಲಿ ಜಲವೇ ಒಸರುತ್ತದೆ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದು ಟೈಲ್ಸ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಸಾಕಾಗುತ್ತದಾ?

ತೀರ್ಥಹಳ್ಳಿ ಕಡೆಯವ:
ಅಕ್ಕ, ಬರೀ ಪೇಂಟ್ ನಂಬಬೇಡಿ. ನೀರು ಹಿಂದಿನಿಂದ ಒತ್ತುತ್ತಿದೆ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರು ಹೀರುತ್ತದೆ. ಒಳಗೆ ಬಳಿದ ಪದರವನ್ನು ಆ ಒತ್ತಡವೇ ಗುಳ್ಳೆ ಎಬ್ಬಿಸಿ ಕಿತ್ತು ಹಾಕುತ್ತದೆ. ಟೈಲ್ಸ್ ಹಾಕಿದರೆ ತೇವ ಅದರ ಮೇಲಿನ ಗೋಡೆಗೆ ಹತ್ತುತ್ತದೆ, ಅಷ್ಟೇ.

ಮೊದಲು ಮನೆಯಿಂದ ಹೊರಗೆ ಬನ್ನಿ. ಮಳೆ ಜೋರಾಗಿ ಬರುವಾಗ ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ. 100 ಚದರ ಮೀಟರ್ ಮಾಡಿಗೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ನಮ್ಮ ಕಡೆ ಅಂಥ ದಿನಗಳು ಬೇಕಾದಷ್ಟು ಇರುತ್ತವೆ. ಅದರಲ್ಲಿ ಒಂದು ಪಾಲು ದರೆಯ ಬುಡಕ್ಕೆ ಇಳಿದರೂ ನಿಮ್ಮ ಗೋಡೆಗೆ ಬಂತು ಅಂತಲೇ. ಸೂರಿಗೆ ತಗಡಿನ ದೋಣಿ ಕಟ್ಟಿ, ಪೈಪಿನಲ್ಲಿ ದೂರ ಬಿಡಿ. ಹಿಂದಿನ ಅಂಗಳವನ್ನು ಮನೆಯಿಂದ ಆಚೆಗೆ ಇಳಿಜಾರು ಮಾಡಿ. ದರೆಯ ಮೇಲ್ಗಡೆ ಒಂದು ಚರಂಡಿ ಅಡ್ಡ ತೆಗೆಸಿ.

ಇನ್ನು ಜಲ. ಅದನ್ನು ತಡೆಯೋಕೆ ಹೋಗಬೇಡಿ, ದಾರಿ ಕೊಡಿ. ತೋಟಕ್ಕೆ ಬಸಿಗಾಲುವೆ ತೆಗೆಯುವ ಲೆಕ್ಕವೇ ಇಲ್ಲೂ. ಹಿಂದಿನ ಗೋಡೆಯ ಬುಡದಲ್ಲಿ ಒಳಗಡೆ ಸಣ್ಣ ಕಾಲುವೆ ತೆಗೆದು, ತೂತಿನ ಪೈಪ್ ಇಟ್ಟು, ಜಲ್ಲಿ ತುಂಬಿ. ಅರ್ಧ ಅಡಿ ಜಾಗ ಬಿಟ್ಟು ಈಚೆ ಇನ್ನೊಂದು ತೆಳು ಗೋಡೆ ಕಟ್ಟಿ. ಒಸರಿದ ನೀರು ನಡುವೆ ಇಳಿದು ಪೈಪಿನಲ್ಲಿ ತೋಟಕ್ಕೆ ಹೋಗುತ್ತದೆ. ನಿಮ್ಮ ಪುಣ್ಯ, ತೋಟದ ಕಡೆ ತಗ್ಗಿದೆ. ಪಂಪ್ ಬೇಡ. ಬಯಲುಸೀಮೆಯ ಪೂರ್ತಿ ನೆಲದೊಳಗಿನ ಮಾಳಿಗೆಗೆ ಈ ಅನುಕೂಲ ಇರಲ್ಲ.

ಸಾಗರದ ಸಿವಿಲ್:
ಮೇಲಿನವರು ಹೇಳಿದ್ದು ಸರಿ. ನನ್ನದು ಒಂದು ಎಚ್ಚರಿಕೆ. ಯಾರಾದರೂ ಹೊರಗಿನಿಂದ ಗೋಡೆಯ ಬುಡದವರೆಗೆ ಅಗೆಯಿರಿ ಎಂದರೆ ಎಂಜಿನಿಯರ್ ನೋಡದೆ ಒಪ್ಪಬೇಡಿ. ಎಂಟು ಅಡಿ ಆಳದ ಗುಂಡಿ ಆಸರೆ ಇಲ್ಲದಿದ್ದರೆ ಕುಸಿಯುತ್ತದೆ, ಜೀವ ಹೋಗುತ್ತದೆ. ಮಳೆಗಾಲದಲ್ಲಂತೂ ಮುಟ್ಟಲೇಬೇಡಿ.

ಕಿಟಕಿ ಸಾಲದು. ಬಿಸಿಲೂ ತೇವವೂ ಇರುವ ಕಡೆ ನೆಲದ ಆರನೇ ಒಂದು ಭಾಗ ಗಾಳಿ ಬೆಳಕಿಗೆ ಬಿಡಬೇಕು ಎನ್ನುತ್ತದೆ ನ್ಯಾಷನಲ್ ಬಿಲ್ಡಿಂಗ್ ಕೋಡ್. ನಿಮ್ಮ 240 ಚದರ ಅಡಿಗೆ 40 ಚದರ ಅಡಿ ಆಯಿತು. ತೋಟದ ಕಡೆ ಎರಡು ದೊಡ್ಡ ಕಿಟಕಿ ಒಡೆಸಿ, ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆ (ಲಿಂಟಲ್) ಸರಿಯಾಗಿ ಕೂರಿಸಿ. ವಾಸದ ಕೋಣೆಗೆ ಅದೇ ಕೋಡ್ ಹೇಳುವ ಎತ್ತರ 2.75 ಮೀಟರ್, ಅಂದರೆ 9 ಅಡಿ. ನಿಮ್ಮಲ್ಲಿ ಈಗಲೇ ಅರ್ಧ ಅಡಿ ಕಡಿಮೆ. ಫಾಲ್ಸ್ ಸೀಲಿಂಗ್ ಆಸೆ ಬಿಡಿ.

ಗ್ಯಾಸ್ ಸಿಲಿಂಡರ್ ಅಲ್ಲಿ ಇಡಬೇಡಿ. ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ನಿಲ್ಲುತ್ತದೆ. ತೇವದ ಗೋಡೆಗೆ ವೈರಿಂಗ್ ಹೂಳಿಸಬೇಡಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿ.

ಹೊಸನಗರದ ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಈ ಬೇಸಿಗೆಗೆ ದೋಣಿ, ಮೇಲಿನ ಚರಂಡಿ, ಕಿಟಕಿ ಇಷ್ಟೇ ಮಾಡಿಸಿ, ಒಂದು ಮಳೆಗಾಲ ನೋಡಿ ಒಳಗಿನ ಗೋಡೆ ಕಟ್ಟಿಸಿದರೆ ಹೇಗೆ? ತಮ್ಮ ಮಾತ್ರ ಅವಸರ ಮಾಡುತ್ತಿದ್ದಾನೆ.

ತೀರ್ಥಹಳ್ಳಿ ಕಡೆಯವ:
ಹಾಗೇ ಮಾಡಿ ಅಕ್ಕ. ಪುಷ್ಯ ಮಳೆಯಲ್ಲಿ ಒದ್ದೆ ಎಲ್ಲಿವರೆಗೆ ಏರುತ್ತದೋ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಡಿ. ಪೈಪ್ ಎಲ್ಲಿಂದ ಎಲ್ಲಿಗೆ ಬೇಕು ಅಂತ ಮೇಸ್ತ್ರಿಗೆ ಅದನ್ನೇ ತೋರಿಸಬಹುದು. ತಮ್ಮನಿಗೆ ಅಲ್ಲಿವರೆಗೆ ಜಗಲಿಯಲ್ಲಿ ಒಂದು ಟೇಬಲ್ ಹಾಕಿಕೊಡಿ.