ಅಪ್‌ಡೇಟ್: ತಂದೆಯವರ ತಲೆಗಾಯ ಮತ್ತು ಅಂಗವೈಕಲ್ಯ ಪಿಂಚಣಿ

ಸೇನೆಯಲ್ಲಿದ್ದಾಗ ವಾಹನ ಉರುಳಿ ತಲೆಗೆ ಪೆಟ್ಟು ಬಿದ್ದಿದ್ದ ನಮ್ಮ ತಂದೆಯವರಿಗೆ ಮರೆವು ಹೆಚ್ಚುತ್ತಿದೆ, ಆದರೂ ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆಯೆಂದು ಪಿಂಚಣಿ ನಿರಾಕರಿಸಿದ್ದಾರೆ, ಏನು ಮಾಡಲಿ ಎಂದು ಏಳು ವಾರಗಳ ಹಿಂದೆ ಕೇಳಿದ್ದೆ. ಮೇಲ್ಮನವಿ ಸ್ವೀಕೃತವಾಗಿದೆ, ವೈದ್ಯಕೀಯ ಮಂಡಳಿಯ ಮುಂದೆ ಮತ್ತೆ ಹಾಜರಾಗಲು ನಿನ್ನೆ ಪತ್ರ ಬಂದಿದೆ.

ಫಲ ಕೊಟ್ಟದ್ದು ನೀವು ಸೂಚಿಸಿದ ಮಾಹಿತಿ ಹಕ್ಕಿನ ಅರ್ಜಿ. ಮೊದಲು ಬರೆದ ಮೂರು ಪತ್ರಗಳಿಗೆ ಉತ್ತರವೇ ಇರಲಿಲ್ಲ. ಅರ್ಜಿ ಸಲ್ಲಿಸಿದ ಮೇಲೆ ಗಾಯದ ವರದಿಯ ಪ್ರತಿ ಕೈಸೇರಿತು. ಅದರಲ್ಲಿ ‘ಕರ್ತವ್ಯದಲ್ಲಿದ್ದಾಗ’ ಎಂದು ಸ್ಪಷ್ಟವಾಗಿ ಬರೆದಿದೆ.

ಹೊಸದಾಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರಿಂದ ಪ್ರಯೋಜನವಾಗಲಿಲ್ಲ, ಅದು ಸಹಜವಾಗಿಯೇ ಬಂತು. ಸ್ಕ್ಯಾನ್ ಸಹಜವಾಗಿದ್ದರೂ ನೆನಪು ಮತ್ತು ಗಮನ ಕುಂದಿರಬಹುದೆಂದು ನಮಗೆ ತಿಳಿದದ್ದು ನಿಮ್ಹಾನ್ಸ್‌ನಲ್ಲಿ ನಡೆದ ನೆನಪಿನ ಪರೀಕ್ಷೆಗಳಿಂದ. ಓದಿ ಹೇಳಿದ ಪದಗಳಲ್ಲಿ ನಾಲ್ಕನೆಯದಕ್ಕೇ ನಿಂತುಹೋದ ತಂದೆಯವರು ಕರವಸ್ತ್ರವನ್ನು ಮಡಿಸುತ್ತಾ, ಬಿಚ್ಚುತ್ತಾ ಕುಳಿತರು. ಇಷ್ಟು ವರ್ಷ ಅವರನ್ನು ಬರೀ ಮುಂಗೋಪಿಯೆಂದು ತಿಳಿದಿದ್ದ ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಸೇನೆಗೆ ಸೇರುವಾಗ ದಾಖಲಾಗಿರದ ಕಾಯಿಲೆಯ ಕಾರಣಕ್ಕೆ ಸೈನಿಕನನ್ನು ಸೇವೆಯಿಂದ ಬಿಡುಗಡೆ ಮಾಡಿದರೆ, ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ, ಆ ಸೈನಿಕರಿಗಿದ್ದದ್ದು ಅಪಸ್ಮಾರ (ಮೂರ್ಛೆರೋಗ). ಮೇಲ್ಮನವಿಯಲ್ಲಿ ಇದನ್ನೇ ಉಲ್ಲೇಖಿಸಿದೆ.

ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗುವ ಸಲಹೆಯನ್ನು ವೈದ್ಯಕೀಯ ಮಂಡಳಿಯ ತೀರ್ಮಾನ ಬರುವವರೆಗೆ ಬದಿಗಿಟ್ಟಿದ್ದೇನೆ.